ಖಾಲಿ ಜಾಡಿಗಳ ನಕ್ಷೆ

ನಾನು ಬಿಡಿಸಿದ ಮೊದಲ ನಕ್ಷೆ ನೋಡಲು ಬಹಳ ಚೆನ್ನಾಗಿತ್ತು. ಹವಾಯಿಯ ದೊಡ್ಡ ದ್ವೀಪಗಳು ಬೂದು ಬಣ್ಣದಲ್ಲಿ, ಸುತ್ತ ಆಳದ ಗೆರೆಗಳು, ಬಲೆ ಎಳೆದ ಜಾಗಕ್ಕೊಂದು ವೃತ್ತ. ಸ್ಕ್ವಿಡ್ ಮತ್ತು ಆಕ್ಟೋಪಸ್ ಮರಿಗಳು ಹೆಚ್ಚು ಸಿಕ್ಕಿದ ಕಡೆ ವೃತ್ತ ದೊಡ್ಡದು, ಏನೂ ಸಿಗದ ಕಡೆ ಬರೀ ಗುಣಿಸು ಗುರುತು. ದ್ವೀಪಗಳ ಪಶ್ಚಿಮಕ್ಕೆ, ಅಂದರೆ ಗಾಳಿಮರೆಯ ಬದಿಗೆ, ವೃತ್ತಗಳು ಗೊಂಚಲು ಗೊಂಚಲಾಗಿದ್ದವು. ಪೂರ್ವಕ್ಕೆ, ವಾಣಿಜ್ಯ ಮಾರುತ ನೇರವಾಗಿ ಬಂದು ಬಡಿಯುವ ಕಡೆ, ಗುಣಿಸು ಗುರುತುಗಳ ಸಾಲು. ಮರಿಗಳು ದ್ವೀಪದ ಮರೆಯಲ್ಲಿ ಆಶ್ರಯ ಪಡೆಯುತ್ತವೆ ಎಂದು ಕೆಳಗೆ ಎರಡು ಸಾಲು ಬರೆದೂ ಆಗಿತ್ತು.

ನನ್ನ ಮಾರ್ಗದರ್ಶಕಿ ಒಂದು ನಿಮಿಷ ಅದನ್ನು ನೋಡಿದರು. "ಇವನ್ನೆಲ್ಲ ಎಷ್ಟು ಗಂಟೆಗೆ ಎಳೆದದ್ದು?" ಎಂದು ಕೇಳಿ ತಮ್ಮ ಕೆಲಸಕ್ಕೆ ಹೋದರು.

ಲಾಗ್ ಪುಸ್ತಕ ತೆಗೆದೆ. ಗಾಳಿಮರೆಯ ಎಳೆತಗಳು ಹೆಚ್ಚುಕಡಿಮೆ ಎಲ್ಲವೂ ರಾತ್ರಿಯವು. ಗಾಳಿ ಬಡಿಯುವ ಬದಿಯವು ಒಂದೂ ಬಿಡದೆ ಹಗಲಿನವು. ಬೇಕೆಂದು ಹಾಗೆ ಮಾಡಿದ್ದಲ್ಲ. ಆ ಬದಿಯಲ್ಲಿ ಅಲೆ ಎತ್ತರ. ಕತ್ತಲಲ್ಲಿ ಹಿಂದಿನ ಡೆಕ್ಕಿನ ಮೇಲೆ ನಿಂತು ಬಲೆ ಇಳಿಸುವುದು ಬೇಡ ಎಂದು ಕ್ಯಾಪ್ಟನ್ ಹೇಳಿದ್ದರು. ಬೆಳಕಿರುವಾಗಲೇ ಅಲ್ಲಿನ ಕೆಲಸ ಮುಗಿಸಿ ಸಂಜೆಗೆ ದ್ವೀಪದ ಮರೆಗೆ ಬಂದು ಉಳಿದದ್ದನ್ನು ಮಾಡುತ್ತಿದ್ದೆವು. ಕೈಕಾಲು ಉಳಿಯಬೇಕಾದರೆ ಅದೇ ಸರಿ. ಆದರೆ ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸವನ್ನು ನಾನು ಪೂರ್ವಕ್ಕೂ ಪಶ್ಚಿಮಕ್ಕೂ ಇರುವ ವ್ಯತ್ಯಾಸ ಎಂದು ಬಿಡಿಸಿಟ್ಟಿದ್ದೆ. ಅಲ್ಲಿಂದ ಮುಂದೆ ಅದನ್ನು ಮತ್ತೆ ಬಿಡಿಸಲು ನನಗೆ ಎರಡು ವರ್ಷ ಹಿಡಿಯಿತು.

ಈ ಮರಿಗಳ ಬಗ್ಗೆ ಮೊದಲು ಸ್ವಲ್ಪ ಹೇಳಬೇಕು. ಕರಾವಳಿಯವರು ಬೊಂಡಾಸ ಎನ್ನುವ ಸ್ಕ್ವಿಡ್‌ನ ಮರಿಗೆ ನಿಜವಾದ ಅರ್ಥದ ಲಾರ್ವ ಹಂತವಿಲ್ಲ. ಕಂಬಳಿಹುಳು ಚಿಟ್ಟೆಯಾಗುವಂಥ ರೂಪಾಂತರ ಅದಕ್ಕೆ ಇಲ್ಲ. ಮೊಟ್ಟೆಯೊಡೆದಾಗಲೇ ಕಣ್ಣು, ತೋಳು, ಶಾಯಿ ಚೀಲ ಎಲ್ಲ ಇಟ್ಟುಕೊಂಡೇ ಬರುತ್ತದೆ. ಹಾಗೆಂದು ದೊಡ್ಡದರಂತೆ ಬದುಕುವುದೂ ಇಲ್ಲ. 1988ರಲ್ಲಿ ರಿಚರ್ಡ್ ಯಂಗ್ ಮತ್ತು ರಾಬರ್ಟ್ ಹಾರ್ಮನ್ ಈ ಎಡಬಿಡಂಗಿ ಹಂತಕ್ಕೆ 'ಪ್ಯಾರಾಲಾರ್ವ' ಎಂದು ಹೆಸರಿಟ್ಟರು. ಅವರ ವ್ಯಾಖ್ಯೆಯಲ್ಲಿ ಒಂದು ಮಾತಿದೆ: ಹಗಲಿನಲ್ಲಿ ಸಮುದ್ರದ ಮೇಲ್ಪದರದಲ್ಲೇ ತೇಲಾಡುವ ಮರಿ. ದೊಡ್ಡವು ಹಗಲಾದೊಡನೆ ನೂರಾರು ಮೀಟರ್ ಕೆಳಗಿಳಿಯುತ್ತವೆ, ಮರಿಗಳು ಮೇಲೆಯೇ ಉಳಿಯುತ್ತವೆ.

ಆ ವ್ಯಾಖ್ಯೆಯನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಬಲೆಯ ಪಕ್ಕ ನಿಂತಾಗ ಮಾತ್ರ ನೆನಪಾಗಲಿಲ್ಲ. ಮರಿಗಳು ಹಗಲಲ್ಲೂ ಮೇಲೆಯೇ ಇರುವುದಾದರೆ ಹಗಲಿನ ಬಲೆ ಯಾಕೆ ಬರಿದಾಗಿ ಬಂತು? ಕಣ್ಣಿನಿಂದಾಗಿ. ಮೂರು ಮಿಲಿಮೀಟರ್ ಮರಿಗೂ ಒಳ್ಳೆಯ ಕಣ್ಣಿದೆ, ಹಿಂದಕ್ಕೆ ಚಿಮ್ಮಿ ಓಡಲು ನೀರುಗೊಳವೆಯಿದೆ. ಬಿಸಿಲಿನಲ್ಲಿ ಬರುವ ಬಲೆಯ ಬಾಯಿ, ಅದರ ಮುಂದಿನ ಹಗ್ಗ, ತೂಕದ ಕಬ್ಬಿಣ ಅದಕ್ಕೆ ಕಾಣುತ್ತವೆ. ಸ್ವಲ್ಪ ಬೆಳೆದವು ಹಗಲಲ್ಲಿ ತುಸು ಕೆಳಗೂ ಇಳಿಯುತ್ತವೆ, ಅದೂ ಸೇರಿಕೊಳ್ಳುತ್ತದೆ. ಎರಡೂ ಒಟ್ಟಾದರೆ ಹಗಲಿನ ಸೊನ್ನೆಗೆ "ಇಲ್ಲ" ಎಂಬ ಅರ್ಥ ಬರುವುದಿಲ್ಲ, "ಸಿಗಲಿಲ್ಲ" ಎಂದಷ್ಟೇ ಬರುತ್ತದೆ.

ಸಾಗರದ ನಡುವಿನ ದ್ವೀಪವೇ ಯಾಕೆ ಎಂದು ಕೇಳುವವರು ಇದ್ದಾರೆ. ಇಂಥ ದ್ವೀಪ ಸಮುದ್ರತಳದಿಂದ ಜ್ವಾಲಾಮುಖಿಯಾಗಿ ನೆಟ್ಟಗೆ ಎದ್ದದ್ದು. ಖಂಡಗಳಿಗಿರುವ ಹಾಗೆ ಸುತ್ತ ಅಗಲವಾದ ಆಳವಿಲ್ಲದ ಅಂಚು ಅದಕ್ಕಿಲ್ಲ. ದಡ ಬಿಟ್ಟು ಕೆಲವೇ ಕಿಲೋಮೀಟರ್ ಹೋದರೆ ಹಡಗಿನ ಕೆಳಗೆ ಸಾವಿರ ಮೀಟರ್ ನೀರಿರುತ್ತದೆ. ಹೀಗಾಗಿ ಹವಳದ ದಿಬ್ಬದ ಬಿಲದಲ್ಲಿ ಹುಟ್ಟಿದ ಆಕ್ಟೋಪಸ್ ಮರಿಯೂ ಕಡಲಾಳದ ಗಾಜಿನಂಥ ಸ್ಕ್ವಿಡ್‌ನ ಮರಿಯೂ ಒಂದೇ ಬಲೆಯಲ್ಲಿ, ಒಂದೇ ಡಬ್ಬಿಯಲ್ಲಿ ಸಿಗುತ್ತವೆ. ಖಂಡದ ತೀರದಲ್ಲಾದರೆ ಇವೆರಡರ ನಡುವೆ ಒಂದಿಡೀ ದಿನದ ಪಯಣವಿದ್ದೀತು.

ಇನ್ನೊಂದು ಕಾರಣವೂ ಇದೆ. ಸುತ್ತಲಿನ ಸಾಗರ ಬಡ. ನೀಲಿ, ತಿಳಿ, ಪೋಷಕಾಂಶವಿಲ್ಲದ ನೀರು. ದ್ವೀಪದ ಬಳಿ ಮಾತ್ರ ಪ್ಲವಕ, ಅಂದರೆ ನೀರಲ್ಲಿ ತೇಲುವ ಪುಟ್ಟ ಜೀವಿಗಳು, ಹೆಚ್ಚಾಗುತ್ತದೆ. 1956ರಲ್ಲಿ ಡೋಟಿ ಮತ್ತು ಒಗುರಿ ಓಆಹು ದ್ವೀಪದ ಬಳಿ ಅಳೆದು ಇದಕ್ಕೆ 'ದ್ವೀಪ ಪರಿಣಾಮ' ಎಂಬರ್ಥದ ಹೆಸರು ಕೊಟ್ಟರು. ಜೊತೆಗೆ ಗಾಳಿ. ಮಾವಿ ದ್ವೀಪದ ಹಾಲೆಯಾಕಲಾ ಬೆಟ್ಟ 3,055 ಮೀಟರ್, ಹವಾಯಿ ಎಂದೇ ಹೆಸರಿರುವ ದೊಡ್ಡ ದ್ವೀಪದ ಮೌನಾ ಕೇಯಾ 4,207 ಮೀಟರ್. ಈಶಾನ್ಯದಿಂದ ಬರುವ ಮಾರುತಕ್ಕೆ ಇವು ಗೋಡೆಗಳು. ಗಾಳಿ ಇವುಗಳ ನಡುವಿನ ಅಲೆನುಯಿಹಾಹಾ ಕಾಲುವೆಯಲ್ಲಿ ಇರುಕಿಕೊಂಡು ರಭಸವಾಗಿ ನುಗ್ಗುತ್ತದೆ, ಬೆಟ್ಟದ ಹಿಂದೆ ಮಾತ್ರ ಎಲೆ ಅಲ್ಲಾಡದಷ್ಟು ಶಾಂತ. ಜೋರು ಗಾಳಿಯೂ ಸತ್ತ ಗಾಳಿಯೂ ಅಕ್ಕಪಕ್ಕ ಇರುವುದರಿಂದ ನೀರು ತಿರುಗಲು ತೊಡಗಿ ಹತ್ತಾರು ಕಿಲೋಮೀಟರ್ ಅಗಲದ ಸುಳಿಗಳಾಗುತ್ತವೆ. ಎಡಕ್ಕೆ ತಿರುಗುವ ಸುಳಿಯ ನಡುವೆ ಕೆಳಗಿನ ತಣ್ಣನೆ ನೀರು ಮೇಲೇರುತ್ತದೆ. ಆ ಗಾಳಿಮರೆಯ ತೀರದ ಹೆಸರು ಕೋನಾ. ಹವಾಯಿ ಭಾಷೆಯಲ್ಲಿ ಕೋನಾ ಎಂದರೇ ಗಾಳಿಮರೆ.

ನಾವು ಬಳಸುತ್ತಿದ್ದದ್ದು ಬಾಂಗೋ ಬಲೆ. ಜೋಡಿ ತಬಲದ ಹಾಗೆ ಪಕ್ಕಪಕ್ಕ ಎರಡು ಬಳೆ, ಒಂದೊಂದೂ 70 ಸೆಂಟಿಮೀಟರ್ ಅಗಲ, ಹಿಂದೆ ಉದ್ದನೆಯ ಜಾಲರಿ ಚೀಲ, ತುದಿಗೆ ಒಂದು ಡಬ್ಬಿ. ಜೋಡಿ ಇದ್ದದ್ದು ಬಹಳ ಉಪಯೋಗಕ್ಕೆ ಬಂತು: ಒಂದರದು ಫಾರ್ಮಲಿನ್‌ಗೆ, ಇನ್ನೊಂದರದು ಆಲ್ಕೋಹಾಲ್‌ಗೆ. ಫಾರ್ಮಲಿನ್‌ನಲ್ಲಿ ಮೈಯ ಆಕಾರ ಉಳಿಯುತ್ತದೆ, ಆದರೆ ಡಿಎನ್‌ಎ ಕೆಡುತ್ತದೆ, ಆಮ್ಲೀಯವಾದರೆ ತಲೆಯೊಳಗಿನ ಸ್ಟ್ಯಾಟೊಲಿತ್ ಎಂಬ ಸುಣ್ಣದ ಕಣವೂ ಕರಗುತ್ತದೆ. ಸ್ಕ್ವಿಡ್‌ನ ವಯಸ್ಸನ್ನು ದಿನದ ಲೆಕ್ಕದಲ್ಲಿ ಹೇಳುವುದು ಆ ಕಣದ ಉಂಗುರಗಳೇ. ಆಲ್ಕೋಹಾಲ್‌ನಲ್ಲಿ ಇದೆಲ್ಲ ಉಳಿಯುತ್ತದೆ, ಮೈ ಮಾತ್ರ ಒಣದ್ರಾಕ್ಷಿಯಂತೆ ಸುಕ್ಕಾಗುತ್ತದೆ, ಬಣ್ಣವೂ ಮಾಸುತ್ತದೆ. ಎರಡರಲ್ಲೂ ಮರಿ ಕುಗ್ಗುವುದರಿಂದ ಎರಡು ಜಾಡಿಗಳ ಅಳತೆಯನ್ನು ನೇರ ಹೋಲಿಸಬಾರದು. ಇದನ್ನು ನಾನು ಕಲಿತದ್ದು ಹೋಲಿಸಿ ಆದ ಮೇಲೆ.

ಜಾಲರಿಯ ಕಣ್ಣು 333 ಮೈಕ್ರಾನ್, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. 505ರದ್ದೂ ಹಡಗಿನಲ್ಲಿತ್ತು, ಅದು ಬೇಗ ಕಟ್ಟಿಕೊಳ್ಳುವುದಿಲ್ಲ. ಆದರೆ ಹಾರುವ ಸ್ಕ್ವಿಡ್‌ಗಳ ಹೊಸ ಮರಿ ಸುಮಾರು ಒಂದು ಮಿಲಿಮೀಟರ್ ಇರುತ್ತದೆ, ಮೈ ಮೆತ್ತಗೆ. ದೊಡ್ಡ ಕಣ್ಣಿನಿಂದ ಹಿಂಡಿಕೊಂಡು ಜಾರಿ ಹೋಗುತ್ತದೆ. ನೀವು ಯಾವ ಜಾಲರಿ ಆರಿಸುತ್ತೀರೋ ಅದೇ ನಿಮ್ಮ ಮರಿಗಳ ಕನಿಷ್ಠ ವಯಸ್ಸನ್ನು ನಿಶ್ಚಯಿಸುತ್ತದೆ.

ಎಳೆತ ಹೀಗೆ: ಹಡಗು ಎರಡು ನಾಟ್‌ಗೂ ಕಡಿಮೆ ವೇಗದಲ್ಲಿ ಹೋಗುತ್ತಿರುತ್ತದೆ. ವಿಂಚ್‌ನಿಂದ ನಿಮಿಷಕ್ಕೆ 50 ಮೀಟರ್‌ನಂತೆ 280 ಮೀಟರ್ ತಂತಿ ಬಿಡುವುದು. ತಂತಿ 45 ಡಿಗ್ರಿಯಲ್ಲಿ ಓರೆಯಾಗಿದ್ದರೆ ಬಲೆ ಸುಮಾರು 200 ಮೀಟರ್ ಆಳದಲ್ಲಿದೆ ಎಂದರ್ಥ. ಆಮೇಲೆ ನಿಮಿಷಕ್ಕೆ 20 ಮೀಟರ್‌ನಂತೆ ನಿಧಾನವಾಗಿ ಸುತ್ತಿಕೊಳ್ಳುವುದು. ಡೆಕ್ಕಿನ ಮೇಲೆ ಕೋನಮಾಪಕ ಹಿಡಿದು ನಿಂತವರು "ನಲವತ್ತು, ನಲವತ್ತೆರಡು" ಎಂದು ಕೂಗುತ್ತಿರಬೇಕು, ಮೇಲೆ ಚುಕ್ಕಾಣಿ ಹಿಡಿದವರು ವೇಗ ಹೊಂದಿಸಬೇಕು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಒಂದು ಬಲೆ ಅಷ್ಟರಲ್ಲಿ ಸೋಸುವ ನೀರು ಸುಮಾರು 400 ಘನ ಮೀಟರ್, ಒಂದು ಒಲಿಂಪಿಕ್ ಈಜುಕೊಳದ ಆರನೇ ಒಂದು ಭಾಗ. ಅದರಲ್ಲಿ ಮೀನಿನ ಮರಿಗಳು ರಾಶಿ ಸಿಗುತ್ತವೆ. ಸ್ಕ್ವಿಡ್ ಮರಿ ಮೂರು ಸಿಕ್ಕಿದರೆ ಒಳ್ಳೆಯ ರಾತ್ರಿ.

ಸೋಸಿದ ನೀರಿನ ಲೆಕ್ಕ ಕೊಡುವುದು ಬಲೆಯ ಬಾಯಲ್ಲಿ ತಿರುಗುವ ಫ್ಲೋಮೀಟರ್ ಎಂಬ ಪುಟ್ಟ ಪಂಖ. ಒಂದು ರಾತ್ರಿ ಅದರ ಅಂಕಿ ಎಂದಿನ ಅರ್ಧಕ್ಕೂ ಬರಲಿಲ್ಲ. ಉಪಕರಣ ಕೆಟ್ಟಿದೆ ಎಂದು ಬೈದುಕೊಂಡು, ಲೆಕ್ಕದಲ್ಲಿ ಹಿಂದಿನ ಎಳೆತದ ಅಂಕಿಯನ್ನೇ ಹಾಕಿದೆ. ಬೆಳಿಗ್ಗೆ ಚೀಲ ತೊಳೆಯುವಾಗ ನೋಡಿದರೆ ಜಾಲರಿಯ ಮುಕ್ಕಾಲು ಭಾಗಕ್ಕೆ ಸಾಲ್ಪ್ ಎಂಬ ಲೋಳೆಜೀವಿಗಳು ಅಂಟು ಬಳಿದ ಹಾಗೆ ಹತ್ತಿಕೊಂಡಿದ್ದವು. ಬಲೆ ಕಟ್ಟಿಕೊಂಡು ನೀರು ಒಳಗೆ ಹೋಗದೆ ಬಾಯಿಂದಲೇ ಪಕ್ಕಕ್ಕೆ ಸರಿದಿತ್ತು. ಪಂಖ ಸರಿಯಾಗಿಯೇ ಹೇಳಿತ್ತು. ಆ ಎಳೆತವನ್ನು ಪಟ್ಟಿಯಿಂದ ತೆಗೆದುಹಾಕಿದೆ. ಅದಾದ ಮೇಲೆ ವಿಚಿತ್ರ ಅಂಕಿ ಬಂದಾಗ ಮೊದಲು ಬಲೆ ನೋಡುತ್ತೇನೆ, ಆಮೇಲೆ ಬೈಯುತ್ತೇನೆ.

ಡಬ್ಬಿ ಮೇಲೆ ಬಂದ ತಕ್ಷಣದ ಐದು ನಿಮಿಷ ಬಹಳ ಮುಖ್ಯ. ಫಾರ್ಮಲಿನ್ ಹಾಕುವ ಮುಂಚೆ ಮಾದರಿಯನ್ನು ಬಿಳಿ ತಟ್ಟೆಗೆ ಸುರಿದು ಟಾರ್ಚ್ ಬಿಟ್ಟು ನೋಡಬೇಕು. ಜೀವ ಇರುವ ಸ್ಕ್ವಿಡ್ ಮರಿಯ ಮೈಯ ಬಣ್ಣದ ಚುಕ್ಕೆಗಳು ಅಗಲವಾಗಿ, ಮತ್ತೆ ಕುಗ್ಗಿ, ಕೆಂಪು ಹಳದಿ ಕಂದಾಗಿ ಮಿಣಮಿಣ ಎನ್ನುತ್ತವೆ. ಸೀಗಡಿಯ ದೂರದ ನೆಂಟರಾದ ಸಾವಿರಾರು ಪುಟ್ಟ ಕೂಪೆಪಾಡ್‌ಗಳ ನಡುವೆ ಹಾಗೆ ಮಿನುಗುವುದು ಇನ್ನಾವುದೂ ಇಲ್ಲ. ಸತ್ತ ಮೇಲೆ ಅದೇ ಮರಿ ಒಂದು ಬೂದು ಹರಳು. ಮೀನಿನ ಕಣ್ಣು, ಸಮುದ್ರ ಬಸವನಹುಳುವಿನ ಚೂರು, ಎಲ್ಲವೂ ಅದರ ಹಾಗೆಯೇ ಕಾಣುತ್ತವೆ. ಲ್ಯಾಬ್‌ನಲ್ಲಿ ಒಂದು ಜಾಡಿ ಸೂಕ್ಷ್ಮದರ್ಶಕದ ಕೆಳಗೆ ಹೆಕ್ಕಿ ಮುಗಿಸಲು ನನಗೆ ಇಡೀ ದಿನ ಬೇಕಾಗುತ್ತಿತ್ತು. ಕೂಪೆಪಾಡ್ ಎಣಿಸುವವರು ಮಾದರಿಯನ್ನು ಎಂಟು ಪಾಲು ಮಾಡಿ ಒಂದನ್ನು ಎಣಿಸಿ ಗುಣಿಸುತ್ತಾರೆ. ನಮಗೆ ಆ ಭಾಗ್ಯವಿಲ್ಲ. ಇರುವುದೇ ಎರಡಾದರೆ ಪಾಲು ಮಾಡಿದಾಗ ಸೊನ್ನೆಯೋ ಎಂಟೋ ಹದಿನಾರೋ ಆಗುತ್ತದೆ. ಪೂರ್ತಿ ಹೆಕ್ಕಬೇಕು. ಮತ್ತೆ, ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಜಾಡಿಯ ಒಳಗೆ ಹಾಕಬೇಕು. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿ ಎಲ್ಲ ಮರಿಗಳೂ ನೀಲಿಯಾಗಿ, ಯಾವ ಜಾಗದವೆಂದು ಯಾರಿಗೂ ತಿಳಿಯದಂತಾಗುತ್ತದೆ.

ಗುರುತು ಹಿಡಿಯುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಹಾರುವ ಸ್ಕ್ವಿಡ್‌ಗಳ ಮರಿಗೆ ಸೊಂಡಿಲಿರುತ್ತದೆ. ಬೇಟೆ ಹಿಡಿಯುವ ಎರಡು ಉದ್ದ ತೋಳುಗಳು ಹುಟ್ಟುವಾಗ ಒಂದಾಗಿ ಅಂಟಿಕೊಂಡು ಆನೆಯ ಸೊಂಡಿಲಿನಂತೆ ಕಾಣುತ್ತವೆ, ಕೆಲವು ಮಿಲಿಮೀಟರ್ ಬೆಳೆದ ಮೇಲೆ ಬುಡದಿಂದ ಸೀಳಿ ಎರಡಾಗುತ್ತವೆ. ಸೊಂಡಿಲಿನ ತುದಿಯಲ್ಲಿ 8 ಹೀರುಬಟ್ಟಲು. ಎಂಟೂ ಒಂದೇ ಗಾತ್ರವಿದ್ದರೆ ಸ್ಥೆನೊಟ್ಯೂಥಿಸ್ ಊಲಾನಿಯೆನ್ಸಿಸ್, ಎಡಬಲ ಬದಿಯ ಎರಡು ದೊಡ್ಡದಾಗಿದ್ದರೆ ಒಮಾಸ್ಟ್ರೆಫಿಸ್ ಬಾರ್ಟ್ರಾಮಿ ಇರಬಹುದು. ತೀರಾ ಚಿಕ್ಕ ಮರಿಯಲ್ಲಿ ಈ ಗುರುತೂ ಕೈಕೊಡುತ್ತದೆ. ಮೊದಲನೆಯದರ ಹೆಸರಿನಲ್ಲೇ ಒಂದು ಸಾಗರದ್ವೀಪ ಅಡಗಿದೆ: ಊಲಾನ್ ಎಂದರೆ ಪೆಸಿಫಿಕ್‌ನ ಇಂದಿನ ಕೋಸ್ರೇ. ಗಾಜು ಸ್ಕ್ವಿಡ್‌ಗಳ ಮರಿ ಪಾರದರ್ಶಕ ಚೀಲದಂತೆ ಊದಿಕೊಂಡಿರುತ್ತದೆ, ಕಣ್ಣುಗಳು ಕಡ್ಡಿಯ ತುದಿಯಲ್ಲಿ ನಿಂತಿರುತ್ತವೆ. ಕೈರೊಟ್ಯೂಥಿಸ್ ಬಳಗದ ಮರಿಗೆ ಕೊಕ್ಕರೆಯ ಹಾಗೆ ಕತ್ತು, ಹಿಂದೆ ಬಾಲ.

ಆಕ್ಟೋಪಸ್ ಮರಿಯನ್ನು ಬೇರ್ಪಡಿಸುವುದು ಸುಲಭ: ಎಂಟು ಮೋಟು ತೋಳು, ರೆಕ್ಕೆ ಇಲ್ಲ, ಗುಂಡು ಮೈ. ಆದರೆ ಯಾವ ಆಕ್ಟೋಪಸ್ ಎಂದು ಹೇಳುವುದು ನರಕ. ಬಣ್ಣದ ಚುಕ್ಕೆಗಳು ಎಲ್ಲೆಲ್ಲಿ, ಎಷ್ಟೆಷ್ಟು ಎಂದು ಎಣಿಸಬೇಕು, ಬಲೆಗೆ ಉಜ್ಜಿ ಚರ್ಮ ಸುಲಿದಿದ್ದರೆ ಅದೂ ಇಲ್ಲ. ಈ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ. ಮೂರನೇ ಜೋಡಿ ತೋಳು ಮಾತ್ರ ವಿಪರೀತ ಉದ್ದವಿರುವ ಮರಿಗಳನ್ನು ಹಿಂದೆ ಮ್ಯಾಕ್ರೊಟ್ರೈಟೋಪಸ್ ಎಂಬ ಬೇರೆಯದೇ ಕುಲ ಎಂದು ಎಣಿಸಿದ್ದರು. 1985ರಲ್ಲಿ ಅಂಥ ಮರಿಗಳನ್ನು ಸಾಕಿ ಬೆಳೆಸಿ ನೋಡಿದ ವರದಿ ಬಂತು: ಅವು ಮೊದಲೇ ಗೊತ್ತಿದ್ದ ಆಕ್ಟೋಪಸ್ ಡೆಫಿಲಿಪ್ಪಿಯ ಮಕ್ಕಳು. ತಮಾಷೆಯೆಂದರೆ ಈಗ ಆ ದೊಡ್ಡ ಪ್ರಾಣಿಯ ಹೆಸರೇ ಮ್ಯಾಕ್ರೊಟ್ರೈಟೋಪಸ್ ಡೆಫಿಲಿಪ್ಪಿ. ಮಕ್ಕಳ ಅಡ್ಡಹೆಸರು ತಾಯಿಗೆ ಅಂಟಿಕೊಂಡಿತು.

ಹೊಟ್ಟೆ ಸೀಳಿ ಏನು ತಿಂದಿವೆ ನೋಡೋಣ ಎಂದು ನಾನೂ ಒಂದಷ್ಟು ದಿನ ಕಳೆದೆ. ಸೊಂಡಿಲು ಮರಿಗಳ ಹೊಟ್ಟೆಯಲ್ಲಿ ಗುರುತು ಸಿಗುವಂಥದ್ದು ಏನೂ ಇರಲಿಲ್ಲ. ಹಾರುವ ಸ್ಕ್ವಿಡ್‌ಗಳ ಪುಟ್ಟ ಮರಿಗಳು ಬೇಟೆಯಾಡದೆ ನೀರಲ್ಲಿ ತೇಲುವ ಕೊಳೆತ ಚೂರುಗಳನ್ನು ತಿನ್ನುತ್ತವೆ ಎಂದು 2018ರಲ್ಲಿ ಪ್ರಕಟವಾದಾಗ ನನ್ನ ಖಾಲಿ ಹೊಟ್ಟೆಗಳ ಟಿಪ್ಪಣಿ ನೆನಪಾಯಿತು. ನಾನು ಖಾಲಿ ಎಂದು ಬರೆದ ಕೆಲವಾದರೂ ಹೊಟ್ಟೆಗಳು ತುಂಬಿದ್ದಿರಬೇಕು.

ಎರಡನೇ ಸಲಕ್ಕೆ ಯೋಜನೆ ಹಾಕುವಾಗ ನಾನು ಕೇಳಿದ್ದು ಒಂದೇ: ಎಲ್ಲ ಎಳೆತಗಳೂ ರಾತ್ರಿಯೇ ಆಗಬೇಕು, ಸೂರ್ಯ ಮುಳುಗಿ ಒಂದು ಗಂಟೆಯ ಮೇಲೆ ಆರಂಭ, ಹುಟ್ಟುವ ಒಂದು ಗಂಟೆ ಮುಂಚೆ ಮುಕ್ತಾಯ. ಉಪ್ಪು, ಉಷ್ಣತೆ ಅಳೆಯುವ ಉಪಕರಣವನ್ನೂ ಇಳಿಸಬೇಕಿದ್ದರಿಂದ ರಾತ್ರಿಗೆ ಆರು ಜಾಗಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಜಾಗಗಳ ಸಂಖ್ಯೆ ಅರ್ಧಕ್ಕಿಳಿಯಿತು. ಸಹೋದ್ಯೋಗಿಯೊಬ್ಬರು ಇದನ್ನು ನೋಡಿ ಮುಖ ಸಿಂಡರಿಸಿದರು. ಹಗಲೆಲ್ಲ ಹಡಗು ಸುಮ್ಮನೆ ನಿಂತರೆ ಇಂಧನ ದಂಡ ಎಂಬುದು ಅವರ ವಾದ. ಅದು ಸುಳ್ಳಲ್ಲ. ಕೊನೆಗೆ ಹಗಲನ್ನು ಅವರ ನೀರಿನ ಮಾದರಿಗಳಿಗೆ ಕೊಟ್ಟು ರಾತ್ರಿಯನ್ನು ನಾನು ಇಟ್ಟುಕೊಂಡೆ. ಗಾಳಿ ಬಡಿಯುವ ಬದಿಗೆ ಮಾರುತ ಸಡಿಲಾಗುವ ದಿನಗಳಿಗಾಗಿ ಕಾಯುವುದೆಂದಾಯಿತು. ಕಾದೆವು. ಎರಡು ಸಲ ಹೋಗಿ ಬಲೆ ಇಳಿಸದೆ ವಾಪಸ್ ಬಂದೆವು, ಮೂರನೇ ಸಲಕ್ಕೆ ಸಮುದ್ರ ಬಿಟ್ಟುಕೊಟ್ಟಿತು.

ಸಾಲುಗಳನ್ನೂ ಬದಲಿಸಿದೆ. ಮೊದಲ ಸಲ ಜಾಗಗಳು ಸಮಾನ ಅಂತರದ ಚೌಕುಳಿಯಲ್ಲಿದ್ದವು. ದ್ವೀಪದ ವಿಷಯದಲ್ಲಿ ಅದು ದಡ್ಡತನ; ಬದಲಾವಣೆಯೆಲ್ಲ ದಡದ ಬಳಿಯ ಕೆಲವೇ ಕಿಲೋಮೀಟರ್‌ಗಳಲ್ಲಿ ನಡೆಯುತ್ತದೆ. ಈ ಸಲ ದಡದಿಂದ ಹೊರಕ್ಕೆ 2, 5, 10, 20, 40 ಕಿಲೋಮೀಟರ್ ಎಂದು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತ ಹೋಗುವ ಸಾಲುಗಳು. ಹುಣ್ಣಿಮೆಯ ಆಚೀಚಿನ ದಿನಗಳನ್ನು ಬಿಟ್ಟೆವು, ಬೆಳದಿಂಗಳೂ ಬೆಳಕೇ. ಬಲೆ ನೀರಿನಲ್ಲಿರುವಾಗ ಹಿಂದಿನ ಡೆಕ್ಕಿನ ದೊಡ್ಡ ದೀಪಗಳನ್ನು ಆರಿಸಿ ಕೆಂಪು ದೀಪ ಹಾಕಿಕೊಂಡೆವು. ದೀಪ ಉರಿದ ರಾತ್ರಿಗಳಲ್ಲಿ ಏನಾಗುತ್ತಿತ್ತೆಂದರೆ, ಬೆಳಕಿನ ವೃತ್ತಕ್ಕೆ ಒಂದಡಿ ಉದ್ದದ ಊಲಾನಿಯೆನ್ಸಿಸ್‌ಗಳು ಬಾಣದಂತೆ ನುಗ್ಗಿ, ಮೀನು ಹಿಡಿದು, ಬೆಳ್ಳಗೆ ಕೆಂಪಗೆ ಬದಲಾಗುತ್ತ ಕತ್ತಲಿಗೆ ಮರಳುತ್ತಿದ್ದವು. ನಾವು ಅವುಗಳದೇ ಮಿಲಿಮೀಟರ್ ಗಾತ್ರದ ಮಕ್ಕಳಿಗಾಗಿ ಇನ್ನೂರು ಮೀಟರ್ ಆಳ ಜಾಲಾಡುತ್ತಿದ್ದೆವು, ಅವು ಕೈಗೆಟುಕುವ ದೂರದಲ್ಲಿ ನಮ್ಮನ್ನು ನೋಡಿ ಹೋಗುತ್ತಿದ್ದವು.

ಹೊಸ ನಕ್ಷೆಯಲ್ಲಿ ಪೂರ್ವ-ಪಶ್ಚಿಮದ ವ್ಯತ್ಯಾಸ ಬಹುಪಾಲು ಮಾಯವಾಯಿತು. ನನ್ನ ಹೆಮ್ಮೆಯ ಗೊಂಚಲು ಕರಗಿ ಹೋಯಿತು. ಎಲ್ಲ ಜಾತಿಗಳನ್ನು ಒಟ್ಟಿಗೆ ಎಣಿಸಿದರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಎರಡು ದಿನ ಬೇಸರದಲ್ಲಿದ್ದೆ. ಆಮೇಲೆ ಜಾತಿ ಜಾತಿಯಾಗಿ ಬಿಡಿಸಿದಾಗ ಒಂದು ಚಿತ್ರ ಮೂಡಿತು, ಅದು ಮೊದಲಿನದಕ್ಕಿಂತ ಹೆಚ್ಚು ಕುತೂಹಲದ್ದು.

ಅಬ್ರಾಲಿಯಾ ಟ್ರೈಗೊನ್ಯೂರಾ ಎಂಬ ಬೆಳಕು ಸೂಸುವ ಪುಟ್ಟ ಸ್ಕ್ವಿಡ್‌ನ ಮರಿಗಳು ಒಳಗಿನ ಜಾಗಗಳಲ್ಲಿ ಮತ್ತೆ ಮತ್ತೆ ಬಂದವು, 40 ಕಿಲೋಮೀಟರ್‌ಗೆ ಹೋಗುವಷ್ಟರಲ್ಲಿ ವಿರಳ. ಇದು ಕಡಲಾಳದ ಪ್ರಾಣಿಯಾದರೂ ದೊಡ್ಡವು ದ್ವೀಪದ ಇಳಿಜಾರಿಗೆ ಅಂಟಿಕೊಂಡೇ ಬದುಕುತ್ತವೆ. ಹವಾಯಿಯಲ್ಲಿ ಹಾಗೆ ಇಳಿಜಾರನ್ನೇ ಮನೆ ಮಾಡಿಕೊಂಡ ಮೀನು, ಸೀಗಡಿ, ಸ್ಕ್ವಿಡ್‌ಗಳ ಒಂದು ಗಡಿನಾಡಿನ ಸಮುದಾಯವೇ ಇದೆ. ತಾಯಂದಿರು ಅಲ್ಲಿದ್ದರೆ ಮಕ್ಕಳೂ ಅಲ್ಲಿರುವುದು ಸಹಜ ಎನಿಸಬಹುದು. ಸಹಜವಲ್ಲ. ನೀರು ನಿಲ್ಲುವುದಿಲ್ಲ. ಸೆಕೆಂಡಿಗೆ 20 ಸೆಂಟಿಮೀಟರ್‌ನ ಸಾಧಾರಣ ಪ್ರವಾಹವೂ ದಿನಕ್ಕೆ 17 ಕಿಲೋಮೀಟರ್ ಸಾಗಿಸುತ್ತದೆ. ವಾರದೊಳಗೆ ಮರಿ ನೂರು ಕಿಲೋಮೀಟರ್ ಆಚೆ ಇರಬೇಕಿತ್ತು. ಹಾಗಿದ್ದೂ ಇಳಿಜಾರಿನ ಬಳಿ ಬರೀ ಹೊಸ ಮರಿಗಳಲ್ಲ, ಬೆಳೆದವೂ ಸಿಕ್ಕವು. ಏನೋ ಅವನ್ನು ಹಿಡಿದಿಡುತ್ತಿದೆ ಅಥವಾ ಮರಳಿ ತರುತ್ತಿದೆ.

ಊಲಾನಿಯೆನ್ಸಿಸ್‌ಗೂ ಗಾಜು ಸ್ಕ್ವಿಡ್‌ಗಳಿಗೂ ದ್ವೀಪದ ಹಂಗಿಲ್ಲ. ಎರಡು ಕಿಲೋಮೀಟರ್‌ನಲ್ಲೂ ಸಿಕ್ಕವು, ನಲವತ್ತರಲ್ಲೂ ಸಿಕ್ಕವು. ಒಂದು ಸಲ ಮಾತ್ರ ಒಂದೇ ಎಳೆತದಲ್ಲಿ ಊಲಾನಿಯೆನ್ಸಿಸ್‌ನ ಒಂದೇ ಗಾತ್ರದ ಸೊಂಡಿಲು ಮರಿಗಳು ಕೈತುಂಬ ಬಂದವು, ಮುಂದಿನ ಜಾಗದಲ್ಲಿ ಒಂದೂ ಇಲ್ಲ. ಹಾರುವ ಸ್ಕ್ವಿಡ್‌ಗಳು ಲೋಳೆಯ ದೊಡ್ಡ ಚೆಂಡಿನೊಳಗೆ ಮೊಟ್ಟೆಯಿಡುತ್ತವೆ. 2006ರಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಮುಳುಗುಗಾರರು ಕಂಡ ಹಂಬೋಲ್ಟ್ ಸ್ಕ್ವಿಡ್‌ನ ಚೆಂಡು ಎರಡು ಮೀಟರ್‌ಗೂ ಅಗಲವಿತ್ತು. ನಾವು ಬಹುಶಃ ಹಿಂದಿನ ದಿನ ಒಡೆದ ಅಂಥದೊಂದರ ಮೇಲೆ ಹಾದುಹೋಗಿದ್ದೆವು. ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ದೊಡ್ಡ ವೃತ್ತ. ಅದು ಹೇಳುವುದು ಒಂದು ತಾಯಿಯ ಒಂದು ರಾತ್ರಿಯ ಕಥೆಯನ್ನಷ್ಟೇ, ಆದರೆ ಸರಾಸರಿ ತೆಗೆಯುವವರಿಗೆ ಅದು "ಸಮೃದ್ಧ ವಲಯ"ವಾಗಿ ಕಾಣುತ್ತದೆ. ಈ ಕಾರಣಕ್ಕೇ ಈಗ ನಾನು ವೃತ್ತದ ಗಾತ್ರದಲ್ಲಿ ಸಂಖ್ಯೆ ತೋರಿಸುತ್ತೇನೆ, ಬಣ್ಣದಲ್ಲಿ ಮರಿಯ ಉದ್ದ ತೋರಿಸುತ್ತೇನೆ. ಚಿಕ್ಕವು ಎಲ್ಲಿ ಎಂದು ನೋಡಿದರೆ ಹುಟ್ಟಿದ ಜಾಗ ಸಿಗುತ್ತದೆ, ದೊಡ್ಡವು ಎಲ್ಲಿ ಎಂದು ನೋಡಿದರೆ ನೀರು ಎತ್ತ ಹೋಯಿತೆಂದು ಗೊತ್ತಾಗುತ್ತದೆ.

ಸೊನ್ನೆಗಳ ಕಾಟ ಲೆಕ್ಕದಲ್ಲೂ ಬಿಡಲಿಲ್ಲ. ಅರ್ಧಕ್ಕರ್ಧ ಎಳೆತ ಸೊನ್ನೆಯಾದರೆ ಸರಾಸರಿ, ವ್ಯತ್ಯಯ ಎಂಬ ಮಾಮೂಲಿ ಆಟ ನಡೆಯುವುದಿಲ್ಲ. ಎಲ್ಲಕ್ಕೂ ಒಂದು ಕೂಡಿಸಿ ಲಾಗರಿದಮ್ ತೆಗೆಯುವ ಹಳೆಯ ಅಭ್ಯಾಸ ನನಗೂ ಇತ್ತು, ಅದು ಸೊನ್ನೆಗಳನ್ನು ಮುಚ್ಚಿಡುತ್ತದೆ ಅಷ್ಟೇ. ಸೊನ್ನೆಗಳೂ ಗೊಂಚಲುಗಳೂ ತುಂಬಿದ ಎಣಿಕೆಗೆ ಹೊಂದುವ ನೆಗೆಟಿವ್ ಬೈನಾಮಿಯಲ್ ಎಂಬ ಮಾದರಿಗೆ ಬದಲಾಯಿಸಿ, ಸೋಸಿದ ನೀರಿನ ಪ್ರಮಾಣವನ್ನು ಅದರೊಳಗೇ ಕೊಟ್ಟ ಮೇಲೆ ಲೆಕ್ಕ ಸ್ವಲ್ಪ ಹದಕ್ಕೆ ಬಂತು.

ಸುಳಿಯ ವಿಷಯದಲ್ಲಿ ನಮಗೆ ಅದೃಷ್ಟ ಒಮ್ಮೆ ಒಲಿಯಿತು. ಉಪಗ್ರಹದ ಚಿತ್ರದಲ್ಲಿ ಕೋನಾದ ಎದುರು ತಣ್ಣನೆಯ ಒಂದು ದುಂಡು ಕಲೆ ಕಂಡಿತ್ತು. ಅದರ ನಡುವಿನಿಂದ ಅಂಚಿನವರೆಗೆ ಒಂದೇ ರಾತ್ರಿ ನಾಲ್ಕು ಎಳೆತ ಮಾಡಿದೆವು. ನಡುವೆ ಪ್ಲವಕ ಗಂಜಿಯಂತೆ ಗಟ್ಟಿ, ಸ್ಕ್ವಿಡ್ ಮರಿ ಮಾತ್ರ ಹೆಚ್ಚೇನಿಲ್ಲ. ಅಂಚಿನಲ್ಲಿ ಅಬ್ರಾಲಿಯಾ, ಆಕ್ಟೋಪಸ್ ಎರಡೂ ಸಿಕ್ಕವು, ಅದೂ ದಡದಿಂದ ಅವು ಇರಬಾರದಷ್ಟು ದೂರದಲ್ಲಿ. ದಡದ ನೀರನ್ನು ಸುಳಿ ತನ್ನ ಸುತ್ತ ಸೆರಗಿನಂತೆ ಎಳೆದುಕೊಂಡಿತ್ತು ಎಂದು ಉಪ್ಪಿನ ಅಂಕಿಗಳು ಹೇಳಿದವು. ಹಾಗೆ ಸುತ್ತುವ ನೀರು ಅರ್ಧ ಸುತ್ತು ಬಂದು ದ್ವೀಪದ ಬಳಿಗೇ ಮರಳಬಹುದು, ಅಥವಾ ಸುಳಿಯೇ ಪಶ್ಚಿಮಕ್ಕೆ ಸರಿದು ಮರಿಗಳನ್ನೂ ಹೊತ್ತು ಹೋಗಬಹುದು. ಒಂದು ರಾತ್ರಿಯ ನಾಲ್ಕು ಎಳೆತದಿಂದ ಇದರಲ್ಲಿ ಯಾವುದು ಎಂದು ಹೇಳಲು ಹೊರಟರೆ ಮೊದಲ ನಕ್ಷೆಯ ತಪ್ಪೇ ಮತ್ತೆ. ಟಿಪ್ಪಣಿ ಬರೆದು ಬಿಟ್ಟೆ.

ಆಕ್ಟೋಪಸ್ ಮರಿಗಳದು ಎಲ್ಲಕ್ಕಿಂತ ಕಷ್ಟದ ಬದುಕು ಎಂದು ನನಗೆ ಅನಿಸುವುದು. ತೇಲುವ ಕಾಲ ಒಂದು ತಿಂಗಳಿಗೂ ಮೀರಿದ್ದು, ಕೊನೆಗೆ ಇಳಿಯಲು ಅದಕ್ಕೆ ತಳ ಬೇಕು. 17 ಕಿಲೋಮೀಟರ್‌ನಂತೆ ನಲವತ್ತು ದಿನ ನೇರ ತೇಲಿದರೆ ಸುಮಾರು 700 ಕಿಲೋಮೀಟರ್, ಅತಿ ಹತ್ತಿರದ ಖಂಡವೋ 3,500 ಕಿಲೋಮೀಟರ್‌ಗೂ ಆಚೆ. ಸ್ಕ್ವಿಡ್‌ಗೆ ಎಲ್ಲಿ ಬೆಳೆದರೂ ಸಮುದ್ರ ಸಮುದ್ರವೇ. ಹವಳದ ದಿಬ್ಬದ ಆಕ್ಟೋಪಸ್‌ಗೆ ಹಾಗಲ್ಲ, ಕೆಳಗೆ ನಾಲ್ಕು ಸಾವಿರ ಮೀಟರ್ ನೀರಿದ್ದರೆ ಇಳಿಯುವುದೆಲ್ಲಿಗೆ? ಹುಟ್ಟಿದಾಗ ತೋಳಿಗೆ ಮೂರೋ ನಾಲ್ಕೋ ಹೀರುಬಟ್ಟಲು ಇರುತ್ತವೆ, ಇಳಿಯುವ ಹೊತ್ತಿಗೆ ಇಪ್ಪತ್ತರ ಸುಮಾರು. ಹಾಗಾಗಿ ಹೀರುಬಟ್ಟಲು ಎಣಿಸಿದರೆ ಎಷ್ಟು ದಿನ ತೇಲಿದೆ ಎಂಬ ಅಂದಾಜು ಸಿಗುತ್ತದೆ. ದಡದ ಬಳಿ ನಮಗೆ ಸಿಕ್ಕವೆಲ್ಲ ಮೂರು-ನಾಲ್ಕರವು. ನಡುವಿನವು, ಆರು ಎಂಟು ಹತ್ತರವು, ಎಲ್ಲಿವೆ ಎಂಬುದೇ ತಿಳಿಯದೆ ಉಳಿದಿತ್ತು.

ಕೊನೆಯ ಯಾನದ ಕೊನೆಯ ರಾತ್ರಿ, ಬಂದರಿಗೆ ಮರಳುವ ದಾರಿಯಲ್ಲಿ, ಯೋಜನೆಯಲ್ಲಿಲ್ಲದ ಒಂದು ಎಳೆತಕ್ಕೆ ಸಮಯ ಸಿಕ್ಕಿತು. ದಡದಿಂದ ನೂರು ಕಿಲೋಮೀಟರ್‌ಗೂ ಹೊರಗೆ. ಡಬ್ಬಿಯಲ್ಲಿ ಒಂದೇ ಒಂದು ಆಕ್ಟೋಪಸ್ ಮರಿ, ಜೀವಂತ, ತಟ್ಟೆಯ ಅಂಚಿಗೆ ತೋಳು ಅಂಟಿಸಿ ಏರಲು ನೋಡುತ್ತಿತ್ತು. ಲ್ಯಾಬ್‌ಗೆ ಬಂದು ಎಣಿಸಿದೆ: ತೋಳಿಗೆ ಹನ್ನೊಂದು. ತೋಳಿನ ತುದಿಯಿಂದ ಚೂರು ಕತ್ತರಿಸಿ ಡಿಎನ್‌ಎ ನೋಡಿದಾಗ ಆಕ್ಟೋಪಸ್ ಸಯಾನಿಯಾ ಎಂದು ಬಂತು, ಹವಳದ ದಿಬ್ಬದಲ್ಲಿ ಹಗಲು ಹೊತ್ತು ಬೇಟೆಯಾಡುವ ಜಾತಿ. ಯಾವ ದ್ವೀಪದಲ್ಲಿ ಹುಟ್ಟಿತು, ಮನೆಯಿಂದ ದೂರ ಹೋಗುತ್ತಿತ್ತೋ ಮನೆಗೆ ಬರುತ್ತಿತ್ತೋ, ಅದನ್ನು ಡಿಎನ್‌ಎ ಹೇಳಲಿಲ್ಲ.

ನಕ್ಷೆಯಲ್ಲಿ ಅದಕ್ಕೊಂದು ಪುಟ್ಟ ವೃತ್ತ ಹಾಕಿ, ಪಕ್ಕದಲ್ಲಿ ಮಾರ್ಗದರ್ಶಕಿ ಕೇಳುವ ಮೊದಲೇ ಬರೆದೆ: ಬೆಳಗಿನ ಜಾವ 2.40, ಚಂದ್ರನಿಲ್ಲ.